ತರಗತಿಯೊಳಗಿನ ಎರಡು ನಿಮಿಷ

ಅಮೆರಿಕದ ಟೆನೆಸ್ಸಿ ಸಂಸ್ಥಾನದ ನಾಕ್ಸ್‌ವಿಲ್ ನಗರದಲ್ಲಿ ಪತ್ರಿಕಾ ಪ್ರಕಾಶನವನ್ನು ನಡೆಸುತ್ತಿದ್ದ ಕ್ರಿಸ್ಟೋಫರ್ ವ್ಹಿಟಲ್ ಎಂಬ ಉದ್ಯಮಿ 1989ರಲ್ಲಿ ಆರು ಶಾಲೆಗಳಲ್ಲಿ ಒಂದು ಪ್ರಯೋಗವನ್ನು ಮಾಡಿದರು. ಮರುವರ್ಷ, 1990ರ ಮಾರ್ಚ್ ತಿಂಗಳಲ್ಲಿ, ಆ ಪ್ರಯೋಗವು 'ಚಾನೆಲ್ ಒನ್' ಎಂಬ ಹೆಸರಿನಿಂದ ರಾಷ್ಟ್ರವ್ಯಾಪಿಯಾಗಿ ಪ್ರಾರಂಭವಾಯಿತು. ಅದರ ಸ್ವರೂಪ ಸರಳವಾದುದು. ಪ್ರತಿ ಶಾಲಾದಿನದಂದು ಹನ್ನೆರಡು ನಿಮಿಷಗಳ ಒಂದು ಕಾರ್ಯಕ್ರಮ. ಅದರಲ್ಲಿ ಹತ್ತು ನಿಮಿಷ ಹದಿಹರೆಯದವರಿಗೆಂದು ಸಿದ್ಧಪಡಿಸಿದ ಸುದ್ದಿ, ಉಳಿದ ಎರಡು ನಿಮಿಷ ಜಾಹೀರಾತು. ಇದನ್ನು ತೋರಿಸಲು ಒಪ್ಪಿದ ಶಾಲೆಗೆ ಉಪಗ್ರಹದ ಡಿಶ್ ಆಂಟೆನಾ, ವಿಡಿಯೋ ಯಂತ್ರಗಳು, ಕೋಣೆಕೋಣೆಗೂ ಒಂದೊಂದು ಟಿ.ವಿ., ಅವನ್ನೆಲ್ಲ ಜೋಡಿಸುವ ತಂತಿಜಾಲ, ಇಷ್ಟೂ ಉಚಿತ.

ಉಚಿತ ಎಂಬ ಪದವನ್ನು ಇಲ್ಲಿ ಸ್ವಲ್ಪ ತಡೆದು ಓದಬೇಕು. ಆ ಉಪಕರಣಗಳು ಶಾಲೆಯ ಸ್ವತ್ತಾಗುತ್ತಿರಲಿಲ್ಲ. ಕರಾರು ಇರುವ ತನಕ ಶಾಲೆಯಲ್ಲಿದ್ದು, ಕರಾರು ಮುರಿದರೆ ಕಂಪನಿಗೆ ಹಿಂದಿರುಗತಕ್ಕವು. ಕರಾರಿನ ಅವಧಿ ಮೂರು ವರ್ಷ. ಶಾಲಾದಿನಗಳ ಪೈಕಿ ನೂರಕ್ಕೆ ತೊಂಬತ್ತು ದಿನ, ತರಗತಿಗಳ ಪೈಕಿ ನೂರಕ್ಕೆ ಎಂಬತ್ತರಲ್ಲಿ ಕಾರ್ಯಕ್ರಮವು ನಡೆಯಲೇಬೇಕೆಂಬುದು ಅದರ ಮುಖ್ಯ ಷರತ್ತು. ಸುದ್ದಿಯನ್ನಷ್ಟೇ ನೋಡಿ ಜಾಹೀರಾತನ್ನು ಬಿಡುವ ಸ್ವಾತಂತ್ರ್ಯ ಒಡಂಬಡಿಕೆಯಲ್ಲಿರಲಿಲ್ಲ.

ದಿನಕ್ಕೆ ಹನ್ನೆರಡು ನಿಮಿಷವೆಂದರೆ ಏನು ಮಹಾ ಎಂದು ಯಾರಾದರೂ ಕೇಳಬಹುದು. ವರ್ಷಕ್ಕೆ 180 ಶಾಲಾದಿನಗಳೆಂದು ಹಿಡಿದರೆ ಅದು 36 ಗಂಟೆ. ಅದರಲ್ಲಿ ಜಾಹೀರಾತಿನ ಪಾಲು 6 ಗಂಟೆ, ಎಂದರೆ ಪೂರ್ತಿ ಒಂದು ದಿನದ ಪಾಠದ ಅವಧಿ. ಯಾವ ಶಾಲೆಯ ಆಡಳಿತ ಮಂಡಳಿಯೂ ವರ್ಷದಲ್ಲಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಮಕ್ಕಳನ್ನು ಕೂಡಿಸಿ ಬರಿಯ ಜಾಹೀರಾತುಗಳನ್ನು ತೋರಿಸಲು ಒಪ್ಪಲಾರದು. ಅದೇ ದಿನವನ್ನು ಎರಡೆರಡು ನಿಮಿಷಗಳ ಚೂರುಗಳಾಗಿ ಕತ್ತರಿಸಿ ಕೇಳಿದಾಗ ಸಾವಿರಾರು ಮಂಡಳಿಗಳು ಒಪ್ಪಿದವು. ಚಾನೆಲ್ ಒನ್ ತನ್ನ ಉಚ್ಛ್ರಾಯದಲ್ಲಿ ಸುಮಾರು 12,000 ಶಾಲೆಗಳನ್ನೂ 80 ಲಕ್ಷ ವಿದ್ಯಾರ್ಥಿಗಳನ್ನೂ ಮುಟ್ಟಿತ್ತು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದೆಂಬುದು ಶ್ರಾವಕ ಕುಟುಂಬಗಳಿಗೆ ತಿಳಿದ ವಿಷಯ: ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು. ತಲೆತಲಾಂತರದಿಂದ ತಕ್ಕಡಿ ಹಿಡಿದ ಮನೆತನಗಳಿಗೆ ಈ ವ್ಯವಹಾರದ ತೂಕವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮ್ಯಾಕ್ಸ್ ಸಾವಿಕಿ ಮತ್ತು ಅಲೆಕ್ಸ್ ಮೋಲ್ನರ್ ಎಂಬ ಇಬ್ಬರು ವಿದ್ವಾಂಸರು 1998ರಲ್ಲಿ ಈ ತೂಕವನ್ನು ನೋಡಿದರು. ಚಾನೆಲ್ ಒನ್ ನುಂಗುತ್ತಿದ್ದ ತರಗತಿಯ ಸಮಯಕ್ಕೆ ಸಾರ್ವಜನಿಕರು ತೆರಿಗೆಯ ಮೂಲಕ ತೆತ್ತ ಬೆಲೆ ವರ್ಷಕ್ಕೆ 180 ಕೋಟಿ ಡಾಲರ್. ಜಾಹೀರಾತಿನ ಎರಡು ನಿಮಿಷದ್ದೇ 30 ಕೋಟಿ ಡಾಲರ್ ಎಂಬುದು ಅವರ ಲೆಕ್ಕ. ಶಾಲೆಗಳು ಒಂದು ಟಿ.ವಿ.ಯ ಬೆಲೆಯನ್ನು ಬಲ್ಲವು. ಮಗುವಿನ ಲಕ್ಷ್ಯದ ಬೆಲೆಯನ್ನು ಅರಿತಿರಲಿಲ್ಲ. ಅದನ್ನು ಬಲ್ಲವರು ಜಾಹೀರಾತುದಾರರು. ತೊಂಬತ್ತರ ದಶಕದಲ್ಲಿ ಅರ್ಧ ನಿಮಿಷದ ಒಂದು ಪ್ರಸಾರಕ್ಕೆ ಅವರು ಸುಮಾರು 2 ಲಕ್ಷ ಡಾಲರ್ ತೆರುತ್ತಿದ್ದರು. ಮನೆಯಲ್ಲಿ ಜಾಹೀರಾತು ಬಂದಾಗ ಹುಡುಗನು ಎದ್ದು ಹೋದಾನು, ವಾಹಿನಿಯನ್ನು ಬದಲಿಸಿಯಾನು. ತರಗತಿಯಲ್ಲಿ ಹಾಜರಿಯನ್ನು ಹಿಡಿದು ಕೂರಿಸಲಾಗಿರುತ್ತದೆ.

ಕಾರ್ಯಕ್ರಮದ ಗುಣದೋಷಗಳನ್ನು ವಿಮರ್ಶಿಸುವಾಗ ಅದಕ್ಕೆ ಅನ್ಯಾಯವಾಗಬಾರದು. ಸುದ್ದಿಯ ಭಾಗವು ಚುರುಕಾಗಿತ್ತು. ಮುಂದೆ ಹೆಸರಾಂತ ಪತ್ರಕರ್ತರಾದ ಆ್ಯಂಡರ್ಸನ್ ಕೂಪರ್, ಲೀಸಾ ಲಿಂಗ್ ಮೊದಲಾದವರು ಅಲ್ಲಿಂದಲೇ ಬಂದವರು. ಬ್ರಾಡ್ಲಿ ಗ್ರೀನ್‌ಬರ್ಗ್ ಮತ್ತು ಜೆಫ್ರಿ ಬ್ರ್ಯಾಂಡ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಾರ್ಯಕ್ರಮವನ್ನು ನೋಡಿದ ವಿದ್ಯಾರ್ಥಿಗಳಿಗೆ ಅದರಲ್ಲಿ ಬಂದ ವಿದ್ಯಮಾನಗಳ ತಿಳಿವಳಿಕೆ ತುಸು ಹೆಚ್ಚಿದ್ದುದು ಕಂಡುಬಂತು. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿಯೆಂದರೆ, ಆ ವಿದ್ಯಾರ್ಥಿಗಳು ಜಾಹೀರಾತಿನ ಸರಕುಗಳನ್ನು ಇತರರಿಗಿಂತ ಹೆಚ್ಚು ಮೆಚ್ಚುತ್ತಿದ್ದರು. ಹಣ ಮತ್ತು ವಸ್ತುಗಳ ಕುರಿತ ಅವರ ಮೋಹವೂ ಇತರರಿಗಿಂತ ಅಧಿಕವಾಗಿತ್ತು. 2006ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಏಳನೆಯ ಎಂಟನೆಯ ತರಗತಿಯ ಮಕ್ಕಳ ಕುರಿತ ಅಧ್ಯಯನವೊಂದು ಇನ್ನೂ ಸ್ಪಷ್ಟವಾದ ಫಲವನ್ನು ನೀಡಿತು. ಆ ಮಕ್ಕಳಿಗೆ ಸುದ್ದಿಗಿಂತ ಜಾಹೀರಾತುಗಳೇ ಹೆಚ್ಚಾಗಿ ನೆನಪಿದ್ದವು. ಹತ್ತು ನಿಮಿಷದ ಪಾಠವನ್ನು ಎರಡು ನಿಮಿಷದ ಪಾಠವು ಗೆದ್ದಿತ್ತು. ಒಬ್ಬ ಶಿಕ್ಷಕನ ದೃಷ್ಟಿಯಿಂದ ಇದು ಆಶ್ಚರ್ಯಕರವಲ್ಲ. ಆ ಎರಡು ನಿಮಿಷಗಳ ಹಿಂದೆ ಇದ್ದ ಹಣ, ಸಂಗೀತ, ಪುನರಾವೃತ್ತಿ ಯಾವ ಭೂಗೋಳದ ಪಾಠಕ್ಕೆ ದೊರೆತೀತು?

ಆ ಎರಡು ನಿಮಿಷ ಏನನ್ನು ಕಲಿಸಿತು ಎಂಬುದೇ ವಿಮರ್ಶೆಯ ತಿರುಳು. ಚಾಕೊಲೇಟ್, ತಂಪು ಪಾನೀಯ, ಕುರುಕಲು ತಿಂಡಿ, ಕ್ರೀಡಾ ಪಾದರಕ್ಷೆ, ಮೊಡವೆಯ ಮುಲಾಮು, ಹೊಸ ಚಲನಚಿತ್ರ, ಕೆಲವೊಮ್ಮೆ ಸೈನ್ಯದ ಭರ್ತಿ: ಇವೇ ಅಲ್ಲಿನ ವಿಷಯಗಳು. ಇವುಗಳಲ್ಲಿ ಮೊಡವೆಯ ಮುಲಾಮನ್ನು ಮಾತ್ರ ತೆಗೆದುಕೊಂಡು ನೋಡಬಹುದು. ಹದಿನಾಲ್ಕರ ಹುಡುಗಿಯ ಮುಖದ ಮೇಲೆ ಮೊಡವೆ ಮೂಡುವುದು ವಯೋಧರ್ಮ. ಜಾಹೀರಾತು ಮೊದಲು ಅದನ್ನು ಲಜ್ಜೆಯ ವಿಷಯವನ್ನಾಗಿ ಮಾಡಬೇಕು. ಆಮೇಲಷ್ಟೇ ಮುಲಾಮು ಮಾರಾಟವಾದೀತು. ಇದನ್ನು ಆಕೆ ಮನೆಯಲ್ಲಿ ಒಂಟಿಯಾಗಿ ನೋಡುವುದು ಬೇರೆ, ಅಕ್ಕಪಕ್ಕದಲ್ಲಿ ಸಹಪಾಠಿಗಳೆಲ್ಲ ಕುಳಿತಿರುವಾಗ ನೋಡುವುದು ಬೇರೆ. ಪರಿಗ್ರಹವನ್ನು ಕುರಿತು ಜೈನ ಚಿಂತನೆಯು ವಸ್ತುವಿನ ಲೆಕ್ಕಕ್ಕಿಂತ ಅದರ ಮೇಲಣ ಮೂರ್ಛೆಯನ್ನು ಮುಖ್ಯವಾಗಿ ಎಣಿಸಿತು. ಈ ಜಾಹೀರಾತುಗಳ ಕುಶಲತೆಯೂ ಅಲ್ಲಿಯೇ ಇದೆ. ವಸ್ತುವು ಕೈಸೇರುವ ಮೊದಲೇ ಮೂರ್ಛೆಯನ್ನು ಒದಗಿಸುವುದು ಅವುಗಳ ಕೆಲಸ. ಕೊಳ್ಳಲು ಕಾಸಿಲ್ಲದ ಮಗುವಿಗೂ ಅದು ತಪ್ಪದೆ ದೊರೆಯುತ್ತದೆ.

ಮಿಸೌರಿ ಸಂಸ್ಥಾನದ ಗ್ರಾಮೀಣ ಶಾಲೆಗಳಲ್ಲಿ ಎರಡು ವರ್ಷ ಮಕ್ಕಳೊಡನೆ ಮಾತನಾಡಿದ ರಾಯ್ ಫಾಕ್ಸ್ ಎಂಬ ಪ್ರಾಧ್ಯಾಪಕರು 1996ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಮಕ್ಕಳು ಜಾಹೀರಾತಿನ ಹಾಡುಗಳನ್ನು ಗುನುಗುವುದನ್ನೂ, ಅದರ ದೃಶ್ಯಗಳನ್ನು ತಾವೇ ಅಭಿನಯಿಸುವುದನ್ನೂ, ಕೆಲವರು ಜಾಹೀರಾತನ್ನು ಲೋಕಹಿತದ ಪ್ರಕಟಣೆಯೆಂದು ಭಾವಿಸಿದ್ದನ್ನೂ ಅವರು ಕಂಡರು. ಈ ಕೊನೆಯ ಮಾತು ಚಿಂತನೀಯ. ಶಾಲೆಯಲ್ಲಿ ತೋರಿಸುವುದೆಲ್ಲ ಒಳ್ಳೆಯದಕ್ಕೇ ಎಂಬ ನಂಬಿಕೆ ಮಗುವಿನಲ್ಲಿ ಸಹಜ. ಮನೆಯಲ್ಲಿ ಹೇಗೂ ನೋಡುತ್ತಾರಲ್ಲ, ಶಾಲೆಯಲ್ಲಿ ನೋಡಿದರೇನು ಎಂಬ ಸಮರ್ಥನೆಯು ಈ ನಂಬಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಸಮರ್ಥನೆಗೆ ಹೆಚ್ಚು ಗೌರವ ಸಲ್ಲಬೇಕು. ಬಡ ಶಾಲೆಗೆ ಬೇರೆ ದಾರಿ ಎಲ್ಲಿದೆ? ಮೈಕೆಲ್ ಮಾರ್ಗನ್ ಎಂಬವರು 1993ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಚಾನೆಲ್ ಒನ್ ಹೆಚ್ಚಾಗಿ ನೆಲೆಯೂರಿದ್ದುದು ಬಡವರ ಮಕ್ಕಳು ಓದುವ, ಪಠ್ಯಪುಸ್ತಕಗಳಿಗೆ ಅತ್ಯಲ್ಪ ವೆಚ್ಚ ಮಾಡಬಲ್ಲ ಶಾಲೆಗಳಲ್ಲೇ ಎಂದು ತಿಳಿದುಬಂತು. ಅಂಥ ಶಾಲೆಯ ಮುಖ್ಯೋಪಾಧ್ಯಾಯನನ್ನು ಹಳಿಯುವುದು ಸುಲಭ. ಆತನ ಮುಂದಿದ್ದ ಖಾಲಿ ಕಪಾಟನ್ನು ಟೀಕಾಕಾರರು ತುಂಬಿಕೊಡಲಿಲ್ಲ. ಆದರೂ ಫಲಿತಾಂಶವನ್ನು ನೋಡಿದರೆ ಮನಸ್ಸು ಕಸಿವಿಸಿಗೊಳ್ಳುತ್ತದೆ. ಸ್ಥಿತಿವಂತರ ಮಕ್ಕಳು ಪಾಠ ಕೇಳುತ್ತಿದ್ದ ಹೊತ್ತಿನಲ್ಲಿ ಬಡವರ ಮಕ್ಕಳು ಜಾಹೀರಾತು ನೋಡಿ ತಮ್ಮ ತರಗತಿಯ ಉಪಕರಣಗಳ ಬಾಡಿಗೆಯನ್ನು ತೀರಿಸುತ್ತಿದ್ದರು.

ವಿರೋಧ ಇರಲಿಲ್ಲವೆಂದಲ್ಲ. ನ್ಯೂಯಾರ್ಕ್ ಸಂಸ್ಥಾನವು ತನ್ನ ಸಾರ್ವಜನಿಕ ಶಾಲೆಗಳ ಬಾಗಿಲನ್ನು 1989ರಲ್ಲಿಯೇ ಮುಚ್ಚಿತು. 1999ರ ಮೇ ತಿಂಗಳಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ವಿಚಾರಣೆ ನಡೆದಾಗ, ಬಳಕೆದಾರರ ಪರ ಹೋರಾಟಗಾರ ರಾಲ್ಫ್ ನೇಡರ್ ಮತ್ತು ಸಂಪ್ರದಾಯವಾದಿ ನಾಯಕಿ ಫಿಲಿಸ್ ಶ್ಲಾಫ್ಲಿ ಇಬ್ಬರೂ ಚಾನೆಲ್ ಒನ್ ವಿರುದ್ಧ ಸಾಕ್ಷ್ಯ ನುಡಿದರು. ಮತ್ತಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಾರದ ಈ ಇಬ್ಬರನ್ನು ಮಕ್ಕಳ ವಿಷಯ ಒಂದುಗೂಡಿಸಿತು. ವಿಚಾರಣೆಯಿಂದ ನಿಷೇಧವೇನೂ ಹುಟ್ಟಲಿಲ್ಲ. ಅಲ್ಲಿ 1978ರಲ್ಲಿಯೇ ವ್ಯಾಪಾರ ಆಯೋಗವು ಎಳೆಯ ಮಕ್ಕಳಿಗೆ ಗುರಿಯಿಟ್ಟ ಟಿ.ವಿ. ಜಾಹೀರಾತಿಗೆ ಕಡಿವಾಣ ಹಾಕಲು ಹೊರಟಾಗ 1980ರಲ್ಲಿ ಸಂಸತ್ತು ಆಯೋಗದ ಅಧಿಕಾರವನ್ನೇ ಮೊಟಕುಗೊಳಿಸಿತ್ತು. ಅದೇ 1980ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯವು ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ನೀಡುವುದನ್ನು ನಿಷೇಧಿಸಿತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು.

ಶಾಲೆಯು ಒಮ್ಮೆ ಬಾಗಿಲು ತೆರೆದ ಮೇಲೆ ಅದರ ಸ್ವಭಾವ ಹೇಗೆ ಮಾರ್ಪಡುವುದೆಂಬುದಕ್ಕೆ ಜಾರ್ಜಿಯಾ ಸಂಸ್ಥಾನದ ಗ್ರೀನ್‌ಬ್ರಯರ್ ಪ್ರೌಢಶಾಲೆಯ 1998ರ ಘಟನೆ ನಿದರ್ಶನ. ಕೋಕಾ-ಕೋಲಾ ಕಂಪನಿ ಏರ್ಪಡಿಸಿದ್ದ ಸ್ಪರ್ಧೆಯ ಬಹುಮಾನಕ್ಕಾಗಿ ಆ ಶಾಲೆಯು 'ಕೋಕ್ ದಿನ'ವನ್ನು ಆಚರಿಸಿತು. ಛಾಯಾಚಿತ್ರ ತೆಗೆಯುವಾಗ ಒಬ್ಬ ವಿದ್ಯಾರ್ಥಿ ಪೆಪ್ಸಿ ಹೆಸರಿನ ಅಂಗಿಯನ್ನು ಪ್ರದರ್ಶಿಸಿದ. ಶಾಲೆಯು ಅವನನ್ನು ಒಂದು ದಿನ ಅಮಾನತು ಮಾಡಿತು. ಜಗತ್ತೆಲ್ಲ ನಕ್ಕಿತು. ಆದರೆ ನಗೆಯಡಿಯ ಸಂಗತಿ ಗಂಭೀರವಾದುದು: ಶಿಸ್ತು ಎಂಬ ಶಾಲೆಯ ಅತ್ಯಂತ ಹಳೆಯ ಅಧಿಕಾರವು ಅಂದು ಒಂದು ಪಾನೀಯದ ಮರ್ಯಾದೆ ಕಾಯಲು ಬಳಕೆಯಾಯಿತು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಪರಂಪರೆಯುಳ್ಳ ಸಮಾಜಕ್ಕೆ ಇಲ್ಲೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಬಸದಿಯ ಟ್ರಸ್ಟ್‌ಗಳು ನಡೆಸುವ ಶಾಲೆ, ವಿದ್ಯಾರ್ಥಿನಿಲಯಗಳ ಗೋಡೆಗಳಲ್ಲಿಯೂ ಹೆಸರುಗಳಿವೆ. ಕೊಠಡಿ ಕಟ್ಟಿಸಿದವರ, ಬಾವಿ ತೋಡಿಸಿದವರ ಹೆಸರಿನ ಕಲ್ಲುಗಳಿವೆ. ಕಂಪನಿಯ ಹೆಸರಿಗೂ ದಾನಿಯ ಹೆಸರಿಗೂ ಏನು ಅಂತರ? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಹೆಸರೂ ಉಳಿದಿದೆಯಲ್ಲ ಎಂದು ವಾದಿಸುವವರಿರಬಹುದು. ಅಂತರವು ಹೆಸರಿನಲ್ಲಿಲ್ಲ. ಕೊಠಡಿಯ ದಾನಿಗೆ ಅಲ್ಲಿ ಕುಳಿತ ಮಗುವಿನಿಂದ ಏನೂ ಬರಬೇಕಾಗಿಲ್ಲ. ಮಗು ಆ ಕಲ್ಲನ್ನು ಓದದೆ ಹೋದರೂ ಕೊಠಡಿ ಕೊಠಡಿಯಾಗಿಯೇ ಇರುತ್ತದೆ. ಚಾನೆಲ್ ಒನ್ ಕರಾರಿನಲ್ಲಿ ಮಗು ನೋಡದೆ ಹೋದರೆ ಟಿ.ವಿ. ಹಿಂದಕ್ಕೆ ಹೋಗುತ್ತಿತ್ತು. (ದಾನಿಯ ಹೆಸರಿನ ಅಕ್ಷರಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿರುವುದೂ ಉಂಟು, ಅದು ಬೇರೆಯೇ ಲೇಖನದ ವಿಷಯ.)

ಚಾನೆಲ್ ಒನ್ ಅನೇಕ ಒಡೆಯರ ಕೈದಾಟಿ 2018ರಲ್ಲಿ ನಿಂತುಹೋಯಿತು. ಅದನ್ನು ನಿಲ್ಲಿಸಿದ್ದು ಟೀಕೆಯೆನ್ನುವುದಕ್ಕಿಂತ ಕಾಲವೆನ್ನುವುದು ಸರಿ. ಮಕ್ಕಳ ಕೈಗೆ ಮೊಬೈಲ್ ಬಂದ ಮೇಲೆ ಅವರನ್ನು ತಲುಪಲು ತರಗತಿಯ ಗೋಡೆಯನ್ನು ಬಾಡಿಗೆಗೆ ಹಿಡಿಯಬೇಕಾದ ಅಗತ್ಯ ತಗ್ಗಿತು. ಆದರೆ ಗೋಡೆಯ ಮೇಲಣ ಆಸೆ ಪೂರ್ತಿ ಬತ್ತಿಲ್ಲ. ಭಾರತದ ಶಾಲೆಗಳಿಗೆ ಅದು ಸಣ್ಣ ರೂಪದಲ್ಲಿ ಬರುತ್ತದೆ: ಬಿಸ್ಕತ್ತಿನ ಹೆಸರು ಹೊತ್ತ ಚಿತ್ರಸ್ಪರ್ಧೆ, ಹಾಲಿಗೆ ಬೆರೆಸುವ ಪುಡಿಯ ಉಚಿತ ಪೊಟ್ಟಣ, ತಂಪು ಪಾನೀಯದ ಚಿತ್ರವಿರುವ ನಾಮಫಲಕ. ಯಾವುದಕ್ಕೂ ಕರಾರು ಇರುವುದಿಲ್ಲವಾದ್ದರಿಂದ ಯಾರೂ ಕರಾರನ್ನು ಓದುವುದಿಲ್ಲ.

ಇಂಥವುಗಳಲ್ಲಿ ಆಹಾರದ ಮಟ್ಟಿಗೆ ಕಾನೂನು ಮಾತನಾಡಿದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯಾಗಲಿ ಬಾಗಿಲಿನಿಂದ ಎತ್ತ ಕಡೆಗೂ 50 ಮೀಟರಿನೊಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ, ಪುಕ್ಕಟೆ ಕೊಡುವಂತಿಲ್ಲ, ಜಾಹೀರಾತು ಮಾಡುವಂತಿಲ್ಲ. ಅದೇ ನಿಯಮಾವಳಿಯು ಶಾಲೆಯ ಆಡಳಿತಕ್ಕೆ ಒಂದು ಫಲಕವನ್ನು ಕಡ್ಡಾಯಗೊಳಿಸಿದೆ. ಇಂತಹ ತಿನಿಸುಗಳನ್ನು ಇಲ್ಲಿ ಮಾರಬಾರದೆಂದು ಇಂಗ್ಲಿಷಿನಲ್ಲಿ ಅಥವಾ ಒಂದು ಭಾರತೀಯ ಭಾಷೆಯಲ್ಲಿ ಬರೆದು ಹೆಬ್ಬಾಗಿಲ ಹೊರಗೆ ಎದ್ದುಕಾಣುವಂತೆ ಹಾಕತಕ್ಕ ಫಲಕವದು. ಟ್ರಸ್ಟ್‌ಗಳ ಮುಂದಿನ ಸಭೆಯಲ್ಲಿ, ತಮ್ಮ ಶಾಲೆಯ ಬಾಗಿಲಲ್ಲಿ ಸದ್ಯ ಯಾವ ಫಲಕವಿದೆ, ಅದಕ್ಕೆ ಬಣ್ಣ ಬಳಿಸಿಕೊಟ್ಟವರು ಯಾರು ಎಂಬುದನ್ನು ಒಮ್ಮೆ ಹೋಗಿ ನೋಡಿಬರಲು ಇಬ್ಬರು ಸದಸ್ಯರನ್ನು ನೇಮಿಸಬಹುದು.