‘ಕಣಶಿಲೆ’ ಅಂದ್ರೆ ಯಾವ ಕಲ್ಲು?

ಹೊಸ ಶಾಸನ ಸಿಕ್ಕಿದ ವರದಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತೆ: ಕಣಶಿಲೆಯಲ್ಲಿ ಕೊರೆದ ಶಾಸನ, ಇಷ್ಟು ಅಡಿ ಎತ್ತರ, ಇಷ್ಟು ಅಡಿ ಅಗಲ. ಅಳತೆಗೆ ನನ್ನ ತಕರಾರಿಲ್ಲ. ತಕರಾರು ಆ ‘ಕಣಶಿಲೆ’ಯ ಮೇಲೆ.

ಶಾಸನದ ಬಗ್ಗೆ ಬರೆಯೋರಲ್ಲಿ ಹಲವರಿಗೆ ಕಣಶಿಲೆ ಅಂದರೆ ಗ್ರಾನೈಟ್. ಇದಕ್ಕೆ ಆಧಾರ ಇಲ್ಲವೆಂದಲ್ಲ; ಗ್ರಾನೈಟ್ ಎಂಬ ಹೆಸರಿನ ಮೂಲವೇ ‘ಕಾಳು’ ಎಂಬರ್ಥದ ಲ್ಯಾಟಿನ್ ಪದ. ಆದರೆ ಶಾಲೆಯ ಭೂಗೋಳದಲ್ಲಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಓದಿದ್ದು ನೆನಪಿದೆ ತಾನೆ? ಅಲ್ಲಿ ಕಣಶಿಲೆ ಅಂದರೆ ಮರಳು, ಕೆಸರು ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲು. ಮರಳುಗಲ್ಲು ಆ ಗುಂಪಿನದು, ಗ್ರಾನೈಟ್ ಅಗ್ನಿಶಿಲೆ. ಒಂದೇ ಪದಕ್ಕೆ ಹುಟ್ಟಿನಿಂದಲೇ ಬೇರೆಯಾದ ಎರಡು ಕಲ್ಲು.

ಬಾಳೆಹೊನ್ನೂರಿನ ತೋಟವೊಂದರ ವೀರಗಲ್ಲನ್ನು ‘ಕಣಶಿಲೆಯದು’ ಅಂತ ಬರೆದೆವು ಅನ್ನಿ. ಅದನ್ನೋದಿದ ಇನ್ನೊಬ್ಬರು ಫೋಟೊ ಕೆಳಗೆ ‘ಮರಳುಗಲ್ಲು’ ಅಂತ ಹಾಕಿದರೆ ತಪ್ಪು ಯಾರದು? ಅದು ಸಣ್ಣ ತಪ್ಪೂ ಅಲ್ಲ. ನಮ್ಮ ನಾಡಿನಲ್ಲಿ ಮರಳುಗಲ್ಲಿನ ದೊಡ್ಡ ನೆಲೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸುತ್ತ. ಮಂಗಳೇಶನ 578ರ ಶಾಸನ ಇರೋದು ಬಾದಾಮಿಯ ಮೂರನೇ ಗುಹೆಯ ಮರಳುಗಲ್ಲಿನಲ್ಲಿ. ರವಿಕೀರ್ತಿಯ 634ರ ಪ್ರಶಸ್ತಿ ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ. ಅಂಥ ಕಲ್ಲು ಬಾಳೆಹೊನ್ನೂರಿನಲ್ಲಿ ಇದೆ ಅಂದರೆ 250 ಕಿ.ಮೀ.ಗೂ ಹೆಚ್ಚು ದೂರದಿಂದ ಯಾರೋ ಹೊತ್ತು ತಂದರು ಅಂದ ಹಾಗಾಯ್ತು! (ಬಾಬಾಬುಡನ್ ಸಾಲಿನ ಬುಡದಲ್ಲಿ ಬಹಳ ಹಳೆಯ ಮರಳು ಇರೋದು ನಿಜ. ಆದರೆ ಅದು ಶಾಖ, ಒತ್ತಡಕ್ಕೆ ಸಿಕ್ಕು ಕ್ವಾರ್ಟ್ಜೈಟ್ ಆಗಿಬಿಟ್ಟಿದೆ.)

ರಕ್ಷಣೆಯ ಮಾತೂ ಇದೆ. ಮರಳುಗಲ್ಲಿನ ಕಣಗಳ ನಡುವೆ ನೀರು ಇಳಿಯುತ್ತೆ, ಮೇಲ್ಪದರ ಹಪ್ಪಳದ ಹಾಗೆ ಏಳುತ್ತೆ, ಜೊತೆಗೆ ಅಕ್ಷರವೂ ಹೋಗುತ್ತೆ. ಗ್ರಾನೈಟ್ ಮಲೆನಾಡಿನ ಮಳೆಯನ್ನು ಅದಕ್ಕಿಂತ ಚೆನ್ನಾಗಿ ತಡೆಯುತ್ತೆ. ಯಾವುದಕ್ಕೆ ಮೊದಲು ಸೂರು ಹಾಕಿಸಬೇಕು ಅನ್ನೋದು ಕಲ್ಲಿನ ಹೆಸರಿನ ಮೇಲೂ ನಿಂತಿದೆ.

1901ರಲ್ಲಿ ಕಡೂರು ಜಿಲ್ಲೆಯ ಶಾಸನಗಳ ಸಂಪುಟ ತಂದ ರೈಸ್ ಕಲ್ಲು ಎಲ್ಲಿದೆ ಅಂತ ಹೇಳಿದರು, ಜಾತಿ ಹೇಳುವ ಗೋಜಿಗೆ ಹೆಚ್ಚು ಹೋಗಲಿಲ್ಲ. ನನ್ನ ಮಟ್ಟಿಗೆ, ಗೊಂದಲದ ‘ಕಣಶಿಲೆ’ಗಿಂತ ಬರೀ ‘ಕಲ್ಲು’ ವಾಸಿ. ಗ್ರಾನೈಟ್ ಆದರೆ ಗ್ರಾನೈಟ್ ಅಂತಲೇ ಬರೆಯೋಣ. ಮರಳುಗಲ್ಲು, ಬಳಪದ ಕಲ್ಲು, ಜಂಬಿಟ್ಟಿಗೆ ಅನ್ನೋ ಒಳ್ಳೆ ಹೆಸರುಗಳೂ ಇವೆ. ಗುರುತು ಸಿಗದಿದ್ದರೆ ‘ಬೂದು ಬಣ್ಣದ ಗಟ್ಟಿ ಕಲ್ಲು’ ಅಂತ ಬರೆದು, ಹತ್ತಿರದಿಂದ ತೆಗೆದ ಒಂದು ಫೋಟೊ ಹಾಕಿ.