ದಾಟದ ಗೆರೆಗಳ ಸೊಗಸು

ಶಿರ್ವದಿಂದ ಬಂಟಕಲ್ಲಿಗೋ ನಿಟ್ಟೆಗೋ ಮಣಿಪಾಲಕ್ಕೋ ಎಲೆಕ್ಟ್ರಾನಿಕ್ಸ್ ಓದಲು ಹೋಗುವ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಪುಟ್ಟ ಚೌಕಗಳ ಸಾಲುಸಾಲು ಚಿತ್ರ ಕಂಡರೆ ಒಂದಿಷ್ಟು ಹೊತ್ತು ನಿಂತು ನೋಡಿ. ಅದು ಕ್ಯೂಸಿಎ (ಕ್ವಾಂಟಮ್-ಡಾಟ್ ಸೆಲ್ಯುಲರ್ ಆಟೊಮ್ಯಾಟಾ) ಸರ್ಕ್ಯೂಟ್ ಇರಬಹುದು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಕ್ರೇಗ್ ಲೆಂಟ್ ಮತ್ತು ಸಂಗಡಿಗರು 1993ರಲ್ಲಿ ಮುಂದಿಟ್ಟ ಕಲ್ಪನೆಯಿದು.

ಪ್ರತಿ ಚೌಕದ ನಾಲ್ಕು ಮೂಲೆಗೆ ನಾಲ್ಕು ಕ್ವಾಂಟಮ್ ಡಾಟ್ (ಎಲೆಕ್ಟ್ರಾನ್ ಕೂರುವ ಪುಟ್ಟ ತಾಣ), ಒಳಗೆ ಎರಡೇ ಎಲೆಕ್ಟ್ರಾನ್. ಒಂದನ್ನೊಂದು ದೂರ ತಳ್ಳುವ ಅವು ಎದುರುಬದುರು ಮೂಲೆ ಹಿಡಿಯುತ್ತವೆ. ಒಂದು ಕರ್ಣ 0, ಇನ್ನೊಂದು 1. ಪಕ್ಕದ ಚೌಕವೂ ಅದನ್ನೇ ಅನುಸರಿಸುವುದರಿಂದ ಚೌಕಗಳ ಸಾಲೇ ತಂತಿಯಾಗುತ್ತದೆ. ಕ್ಯೂಸಿಎ ಡಿಸೈನರ್ ಎಂಬ ತಂತ್ರಾಂಶದಲ್ಲಿ ಚೌಕದ ರೂಢಿಯ ಅಳತೆ 18 ನ್ಯಾನೋಮೀಟರ್.

ಮಾಮೂಲಿ ಚಿಪ್‌ನಲ್ಲಿ ಲೋಹದ ಪದರಗಳು ಹಲವಿವೆ, ತಂತಿಗಳು ಒಂದರ ಮೇಲೊಂದು ಹಾಯಬಹುದು. ಕ್ಯೂಸಿಎಯಲ್ಲಿ ಗೇಟೂ ತಂತಿಯೂ ಒಂದೇ ನೆಲದಲ್ಲಿವೆ. ದಾಟಲೇಬೇಕಾದರೆ ಸಾಮಾನ್ಯವಾಗಿ ಒಂದು ಸಾಲಿನ ಚೌಕಗಳನ್ನು 45 ಡಿಗ್ರಿ ತಿರುಗಿಸಬೇಕು, ಇಲ್ಲವೇ ಮೇಲೆ ಇನ್ನೊಂದು ಪದರ ಕಟ್ಟಬೇಕು. ತಿರುಗಿಸಿದ ಚೌಕ ತುಸು ಜರುಗಿದರೂ ಸಂಕೇತ ಸೊರಗುತ್ತದೆ. ಪದರ ಕಟ್ಟುವುದಂತೂ ಕಡುಕಷ್ಟ. ಹಾಗಾಗಿ ನನ್ನ ಕಣ್ಣು ಮೊದಲು ಹುಡುಕುವುದು ದಾಟುಗಳನ್ನೇ. ಚೌಕಗಳ ಲೆಕ್ಕ ಆಮೇಲೆ.

ದಾಟಿಲ್ಲದೆ ಬರೆಯುವ ಈ ಕಲೆಯ ರುಚಿ ಹತ್ತಬೇಕಾದರೆ ಪೆನ್ಸಿಲ್ ಹಿಡಿಯಿರಿ. ಮೂರು ಮನೆಗೆ ನೀರು, ಕರೆಂಟ್, ಫೋನ್ ಮೂರನ್ನೂ ಗೆರೆ ದಾಟದಂತೆ ಎಳೆಯುವ ಹಳೆಯ ಒಗಟು ಗೊತ್ತಲ್ಲ? ಅದು ಸಮತಲದಲ್ಲಿ ಅಸಾಧ್ಯ. ಈಗ ಎರಡು ಇನ್‌ಪುಟ್ ಬೇರೆಬೇರೆಯಾದಾಗ ಮಾತ್ರ 1 ಕೊಡುವ ಎಕ್ಸಾರ್ ಗೇಟ್ ಬರೆಯಿರಿ: ಅ, ಬ ಎರಡೂ ಇನ್‌ಪುಟ್‌ಗಳು ಎರಡು ಆಂಡ್ ಗೇಟ್‌ಗಳಿಗೂ ಹೋಗಬೇಕು (ಒಂದಕ್ಕೆ ಅ, ಇನ್ನೊಂದಕ್ಕೆ ಬ ತಲೆಕೆಳಗಾಗಿ), ಆಂಡ್‌ಗಳೆರಡೂ ಒಂದು ಆರ್‌ಗೆ ಸೇರಬೇಕು. ಇನ್‌ಪುಟ್ ಒಳಬರಲು, ಉತ್ತರ ಹೊರಹೋಗಲು ಅ, ಬ, ಆರ್ ಈ ಮೂರಕ್ಕೂ ಚಿಪ್‌ನ ಹೊರ ಅಂಚು ಬೇಕು. ಮೂರು ಮನೆ ಯಾವುವು? ಅ, ಬ, ಆರ್. ಮೂರು ಸೌಕರ್ಯ? ಎರಡು ಆಂಡ್, ಒಂದು ಅಂಚು. ಅದೇ ಒಗಟು! ಈ ರಚನೆಯಲ್ಲಿ ಎಷ್ಟು ತಿಣುಕಿದರೂ ಒಂದು ದಾಟು ಉಳಿಯುತ್ತದೆ.

ಜಾಣ ವಿನ್ಯಾಸಕ ಇಲ್ಲಿ ‘ಅ’ವನ್ನು ಎರಡು ಸಲ ಒಳಗೆ ತರುತ್ತಾನೆ: ಅ, ಬ, ಅ. ನಡುವಿನ ‘ಬ’ ಎರಡೂ ಬದಿಗೆ ಕವಲೊಡೆಯುತ್ತದೆ, ದಾಟು ಮಾಯ. ಬೆಲೆಯೆಂದರೆ ಒಂದು ಹೆಚ್ಚುವರಿ ಇನ್‌ಪುಟ್. ಅದನ್ನು ಹಿಂದಿನ ಹಂತ ಒದಗಿಸಬೇಕು. ಆ ಬೆಲೆ ತೆರಬೇಕೋ ಬೇಡವೋ ಎಂಬ ತೀರ್ಮಾನದಲ್ಲೇ ವಿನ್ಯಾಸಕನ ಕೈಚಳಕ ಕಾಣುವುದು.

ಇಷ್ಟು ಹಿಡಿಸಿದರೆ ಮುಂದೆ ಮೂರು ಬಿಟ್ ಕೂಡಿಸುವ ಫುಲ್ ಆ್ಯಡರ್ ನೋಡಿ. ಕ್ಯೂಸಿಎಯಲ್ಲಿ ಅದಕ್ಕೆ 3 ಮೆಜಾರಿಟಿ ಗೇಟ್ (ಮೂರು ಇನ್‌ಪುಟ್‌ಗಳಲ್ಲಿ ಬಹುಮತ ಯಾವುದೋ ಅದನ್ನೇ ಕೊಡುವ ಗೇಟ್), 2 ಇನ್ವರ್ಟರ್ ಸಾಕು. ಎಲ್ಲಿ ದಾಟು ಬರುತ್ತದೆಂದು ನೀವೇ ಬರೆದು ಹುಡುಕಿ.