ಅಗೆದ ಮಣ್ಣೇ ಗೋಡೆ

ಆರ್‌ಪಿಸಿ ಲೇಔಟ್‌ನವರು ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಬೆಂಗಳೂರು ಕೋಟೆಯ ಡೆಲ್ಲಿ ಗೇಟ್ ಹತ್ತಿರದಲ್ಲೇ ಇದೆ. ಅಲ್ಲಿನ ಕಲ್ಲುಗೆಲಸಕ್ಕೆ ಎಲ್ಲರೂ ಮನಸೋಲುತ್ತಾರೆ. ನನ್ನ ಮೆಚ್ಚುಗೆ ಮಾತ್ರ ಆ ಕಲ್ಲಿಗಿಂತ ಮೊದಲಿದ್ದ ಮಣ್ಣಿಗೆ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಅದನ್ನು ಕಲ್ಲಿನದಾಗಿಸಿದವನು ಹೈದರಾಲಿ. ಕೋಟೆಯ ಪಕ್ಕದ ಪೇಟೆಗೆ ಮಾತ್ರ ಆಮೇಲೂ ಮಣ್ಣಿನ ಗೋಡೆ, ಕಂದಕ, ಮುಳ್ಳುಬೇಲಿಗಳದೇ ಕಾವಲು. ಕಂದಕ ತೋಡಿದಷ್ಟೂ ಗೋಡೆಗೆ ಮಣ್ಣು. ಒಂದೇ ಕೂಲಿಗೆ ಎರಡು ಅಡ್ಡಿ. 11ನೇ ಶತಮಾನದಲ್ಲಿ ನಾರ್ಮನ್ನರು ಇಂಗ್ಲೆಂಡಿನಲ್ಲಿ ದಿಬ್ಬದ ಕೋಟೆಗಳನ್ನು ಎಬ್ಬಿಸಿದ್ದೂ ಇದೇ ಲೆಕ್ಕದಲ್ಲಿ.

ಗುಂಡಿನೇಟಿಗೆ ಕಲ್ಲು ಸಿಡಿಯುತ್ತದೆ, ದಪ್ಪ ಮಣ್ಣು ಗುಂಡನ್ನೇ ನುಂಗುತ್ತದೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಪೇಟೆಯೊಳಗೆ ನುಗ್ಗಿದ್ದು ಹಲಸೂರು ಬಾಗಿಲನ್ನು ಒಡೆದು. ಆ ಸೇನೆಯ ಕರ್ನಲ್ ಮೂರ್‌ಹೌಸ್ ಅಲ್ಲೇ ಸತ್ತ. ಎರಡು ವಾರದ ಬಳಿಕ, ಕಲ್ಲಿನ ಕೋಟೆಯ ಗೋಡೆಯನ್ನೇ ಫಿರಂಗಿಗಳು ಒಡೆದು ದಾರಿ ಮಾಡಿಕೊಂಡವು.

ಪೇಟೆಯ ಗೋಡೆ ಇಂದು ಇಲ್ಲ, ಕಂದಕ ಮುಚ್ಚಿಹೋಗಿದೆ. ಮಣ್ಣಿನ ಕೆಲಸಕ್ಕೆ ಕೆತ್ತನೆಯ ಬೆಡಗಿಲ್ಲ, ಮಾಡಿದವರ ಗುರುತೂ ಉಳಿಯುವುದಿಲ್ಲ. ಡೆಲ್ಲಿ ಗೇಟ್ ನೋಡಿ ಬೆರಗಾಗುವವರು ಆ ಗುದ್ದಲಿ, ಮಂಕರಿಯವರಿಗೂ ಒಂದು ಶಹಭಾಸ್ ಹೇಳಬೇಕು.